ಒಂದು ಗಣಿಯಲ್ಲಿ ನಾಲ್ಕು ನೌರು

ಜರ್ಮನಿಯ ಕೊಲೋನ್ ನಗರದ ಪಶ್ಚಿಮಕ್ಕೆ ಹಾಂಬಾಖ್ ಎಂಬ ತೆರೆದ ಕಲ್ಲಿದ್ದಲು ಗಣಿ ಇದೆ. ಶುರುವಿನಲ್ಲಿ ಅದಕ್ಕೆ ಗೊತ್ತುಮಾಡಿದ್ದ ಜಾಗ 85 ಚದರ ಕಿಲೋಮೀಟರ್. ಪೆಸಿಫಿಕ್ ಸಾಗರದ ನಡುವೆ, ಸಮಭಾಜಕ ವೃತ್ತದಿಂದ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ನೌರು ದೇಶದ ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರ್. ಒಂದು ಗಣಿಗೆಂದು ಜರ್ಮನಿ ನಕ್ಷೆಯಲ್ಲಿ ಬರೆದಿಟ್ಟ ಜಾಗದಲ್ಲಿ ನಾಲ್ಕು ನೌರು ಹಿಡಿಸುತ್ತವೆ.

ಈ ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಇಂಥ ಅಂಕಿಗಳೇ. ಜರ್ಮನಿಯಲ್ಲಿ ಎಂಟು ಕೋಟಿ ಚಿಲ್ಲರೆ ಜನ; ನೌರುವಿನಲ್ಲಿ 2021ರ ಜನಗಣತಿಯಂತೆ 11,680. ನೆಲದ ಲೆಕ್ಕದಲ್ಲಿ ಜರ್ಮನಿ ಹದಿನೇಳು ಸಾವಿರ ಪಟ್ಟು ದೊಡ್ಡದು. ಕೇಳಿ ಬೆರಗಾಗಬಹುದು, ಆದರೆ ಅಷ್ಟರಿಂದ ಏನೂ ತಿಳಿದ ಹಾಗಾಗುವುದಿಲ್ಲ. ಎರಡೂ ದೇಶಗಳು ಮಾಡಿದ ಒಂದೇ ಕೆಲಸವನ್ನು ಹಿಡಿದು ಹೋಲಿಸಿದರೆ ಮಾತ್ರ ಗಾತ್ರ ಎಂಬುದು ನಿಜಕ್ಕೂ ಏನು ಮಾಡುತ್ತದೆ ಎಂದು ಕಾಣುತ್ತದೆ. ಆ ಕೆಲಸ ತಮ್ಮ ನೆಲವನ್ನೇ ಅಗೆದು ಮಾರಿದ್ದು. ಜರ್ಮನಿ ಕಂದು ಕಲ್ಲಿದ್ದಲನ್ನು ಅಗೆಯಿತು, ನೌರು ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಕಲ್ಲನ್ನು. ಅಗೆಯುವುದರಲ್ಲಿ ಇಬ್ಬರೂ ಗಟ್ಟಿಗರೇ. ವ್ಯತ್ಯಾಸ ಇರುವುದು ಅಗೆದ ಮೇಲೆ.

ಇವೆರಡು ಒಂದಕ್ಕೊಂದು ಅಪರಿಚಿತ ದೇಶಗಳೂ ಅಲ್ಲ. 1886ರಲ್ಲಿ ಬ್ರಿಟನ್ ಮತ್ತು ಜರ್ಮನಿ ಪಶ್ಚಿಮ ಪೆಸಿಫಿಕ್ಕಿನ ನಕ್ಷೆಯ ಮೇಲೆ ಗೆರೆ ಎಳೆದು ಹಂಚಿಕೊಂಡಾಗ ನೌರು ಜರ್ಮನಿಯ ಪಾಲಿಗೆ ಬಿತ್ತು. 1888ರ ಅಕ್ಟೋಬರಿನಲ್ಲಿ 'ಏಬರ್' ಎಂಬ ಜರ್ಮನ್ ನೌಕೆ ಬಂದು ಸೈನಿಕರನ್ನು ಇಳಿಸಿತು. ಆ ಹೊತ್ತಿಗೆ ದ್ವೀಪದ ಕುಲಗಳ ನಡುವೆ ಹತ್ತು ವರ್ಷಗಳಿಂದ ಕಾದಾಟ ನಡೆದಿತ್ತು. ಯುರೋಪಿನ ವ್ಯಾಪಾರಿಗಳು ಮಾರಿದ ಬಂದೂಕುಗಳು ಅದಕ್ಕೆ ತುಪ್ಪ ಸುರಿದಿದ್ದವು. ಜರ್ಮನರು ಮುಖಂಡರನ್ನು ಹಿಡಿದಿಟ್ಟುಕೊಂಡು ಬಂದೂಕುಗಳನ್ನೆಲ್ಲ ಒಪ್ಪಿಸಿಕೊಂಡರು. ಆಗ ಅವರಿಗೆ ಅಲ್ಲಿಂದ ಬೇಕಿದ್ದದ್ದು ಕೊಬ್ಬರಿ, ಅಷ್ಟೇ.

ಫಾಸ್ಫೇಟ್ ಇದೆ ಎಂದು ಗೊತ್ತಾದದ್ದು ಹನ್ನೆರಡು ವರ್ಷಗಳ ನಂತರ. ಸಿಡ್ನಿಯ ಒಂದು ಕಂಪನಿ ಕಚೇರಿಯಲ್ಲಿ ಬಾಗಿಲು ಬಡಿಯದಂತೆ ಆನಿಸಿಟ್ಟಿದ್ದ ಕಲ್ಲೊಂದಿತ್ತು. ನೌರುವಿನಿಂದ ತಂದ, ಕಲ್ಲಾಗಿ ಹೋದ ಮರದ ತುಂಡು ಎಂದು ಎಲ್ಲರೂ ನಂಬಿದ್ದರು. ಆಲ್ಬರ್ಟ್ ಎಲಿಸ್ ಎಂಬ ನೌಕರ ಅದನ್ನು ಪರೀಕ್ಷೆಗೆ ಹಾಕಿದಾಗ ಅದು ಮೇಲ್ದರ್ಜೆಯ ಫಾಸ್ಫೇಟ್ ಎಂದು ತಿಳಿಯಿತು. ಕಲ್ಲನ್ನು ಗುರುತಿಸಿದ ಕಂಪನಿ ಬ್ರಿಟಿಷರದು, ಕಲ್ಲಿದ್ದ ದ್ವೀಪ ಜರ್ಮನಿಯದು. ವ್ಯವಹಾರ ಕುದುರಿತು: ದ್ವೀಪದ ಹಕ್ಕು ಇಟ್ಟುಕೊಂಡಿದ್ದ ಜರ್ಮನ್ ಕಂಪನಿಗೆ ಪಾಲು ಕೊಟ್ಟು 1902ರಲ್ಲಿ ಪೆಸಿಫಿಕ್ ಫಾಸ್ಫೇಟ್ ಕಂಪನಿ ಹುಟ್ಟಿತು, 1907ರಲ್ಲಿ ಮೊದಲ ಹಡಗು ಹೊರಟಿತು. ನೆಲದ ಒಡೆಯನಿಗೆ ಸಿಕ್ಕಿದ್ದು ಟನ್ನಿಗೆ ಅರ್ಧ ಪೆನ್ನಿ.

1914ರಲ್ಲಿ ಯುದ್ಧ ಶುರುವಾಗಿ ಆಸ್ಟ್ರೇಲಿಯಾ ದ್ವೀಪವನ್ನು ಹಿಡಿದುಕೊಂಡಿತು. ಆಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನ್ ಮಾಡಿಕೊಂಡು, ಮಾರುಕಟ್ಟೆ ದರದ ಗೊಡವೆಯಿಲ್ಲದೆ ಅಸಲು ಖರ್ಚಿನ ದರದಲ್ಲೇ ತಮ್ಮ ರೈತರಿಗೆ ಫಾಸ್ಫೇಟ್ ಒದಗಿಸಿಕೊಂಡವು. ಗಂಧಕಾಮ್ಲ ಹಾಕಿ ಸಂಸ್ಕರಿಸಿದರೆ ಅದೇ ಸೂಪರ್ ಫಾಸ್ಫೇಟ್. ನಮ್ಮ ಗೊಬ್ಬರದಂಗಡಿಗಳಲ್ಲಿ ಬರೀ 'ಸೂಪರ್' ಅಂದರೂ ಸಾಕು, ಚೀಲ ಇಳಿಸುತ್ತಾರೆ. ಜರ್ಮನರು ಮತ್ತೊಮ್ಮೆ ನೌರುವಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ, ಅದೂ ಹೊಡೆಯಲು. ಸರಕಿಗಾಗಿ ಕಾದು ನಿಂತಿದ್ದ ಫಾಸ್ಫೇಟ್ ಹಡಗುಗಳನ್ನು 'ಓರಿಯನ್' ಮತ್ತು 'ಕೊಮೆಟ್' ಎಂಬ ಜರ್ಮನ್ ದಾಳಿ ನೌಕೆಗಳು ಮುಳುಗಿಸಿದವು. 27ರಂದು ಕೊಮೆಟ್ ಮರಳಿ ಬಂದು ದಡದ ಲೋಡಿಂಗ್ ಕಟ್ಟಡಗಳ ಮೇಲೆ ಗುಂಡಿನ ಮಳೆಗರೆಯಿತು. ಗೊಬ್ಬರ ನಿಂತರೆ ಆಸ್ಟ್ರೇಲಿಯಾದ ಗೋಧಿ ನಿಲ್ಲುತ್ತದೆ ಎಂಬ ಲೆಕ್ಕ ಜರ್ಮನರಿಗೂ ಗೊತ್ತಿತ್ತು.

ಇಷ್ಟು ಪೀಠಿಕೆ ಸಾಕು. ಅಗೆಯುವ ಕೆಲಸ ಹೇಗೆ ನಡೆಯುತ್ತದೆ ನೋಡೋಣ.

ನೌರು ಅಂದರೆ ಸಮುದ್ರದಿಂದ ಮೇಲೆದ್ದ ಹವಳದ ಸುಣ್ಣದಕಲ್ಲು. ಸುತ್ತ ನೂರಿನ್ನೂರು ಮೀಟರ್ ಅಗಲದ ಕರಾವಳಿ ಪಟ್ಟಿ, ಅದರ ಮೇಲೆ ಹತ್ತೊಂಬತ್ತು ಕಿಲೋಮೀಟರಿನ ವರ್ತುಲ ರಸ್ತೆ, ಒಳಗಡೆ ಎತ್ತರದ ಪ್ರಸ್ಥಭೂಮಿ. ಈ ಪ್ರಸ್ಥಭೂಮಿಯನ್ನು ಅಲ್ಲಿಯವರು ಟಾಪ್‌ಸೈಡ್ ಅನ್ನುತ್ತಾರೆ. ಸಾವಿರಾರು ವರ್ಷಗಳ ಮಳೆ ಈ ಸುಣ್ಣದಕಲ್ಲನ್ನು ಕರಗಿಸಿ ಕಂಬಕಂಬವಾಗಿ ಕೊರೆದಿದೆ. ಕಂಬಗಳ ನಡುವಿನ ಸಂದುಗಳಲ್ಲಿ ಫಾಸ್ಫೇಟ್ ತುಂಬಿಕೊಂಡಿತ್ತು. ಕಡಲಹಕ್ಕಿಗಳ ಹಿಕ್ಕೆಯಿಂದ ಬಂದದ್ದು ಎನ್ನುವುದು ಹಳೆಯ ವಿವರಣೆ, ಭೂವಿಜ್ಞಾನಿಗಳಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ. ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಡು. ಕಾಡಿನ ಮುಖ್ಯ ಮರ ತೊಮಾನೊ, ಅಂದರೆ ನಮ್ಮ ಕರಾವಳಿಯ ಸುರಹೊನ್ನೆ.

ಗಣಿಗಾರಿಕೆಯಲ್ಲಿ ಮೊದಲು ಮರ ಹೋಗುತ್ತದೆ. ಆಮೇಲೆ ಬುಲ್ಡೋಜರ್ ಮೇಲ್ಮಣ್ಣನ್ನು ಕೆರೆದು ತಳ್ಳುತ್ತದೆ. ನಂತರ ಕ್ರೇನಿಗೆ ಕಟ್ಟಿದ, ಎರಡು ದವಡೆಯ ಬಕೆಟ್ಟನ್ನು ಸಂದಿನೊಳಕ್ಕೆ ಇಳಿಸಿ ಬಾಚಿ ಎತ್ತುತ್ತಾರೆ. ಬಕೆಟ್ ಹೋಗುವಷ್ಟು ಅಗಲದ ಸಂದು ಮಾತ್ರ ಬರಿದಾಗುತ್ತದೆ, ಕಿರಿದಾದ ಬಿರುಕುಗಳಲ್ಲಿನ ಫಾಸ್ಫೇಟ್ ಅಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಜಾಗದಲ್ಲಿ ಹತ್ತು-ಹದಿನೈದು ಮೀಟರಿನವರೆಗಿನ ಬೂದು ಬಣ್ಣದ ಮೊನಚು ಕಂಬಗಳು ಮಾತ್ರ ನಿಲ್ಲುತ್ತವೆ. ಅಲ್ಲಿ ನಡೆಯಲಾಗದು, ಮನೆ ಕಟ್ಟಲಾಗದು, ಬಿತ್ತಲಾಗದು. ಮಳೆ ಬಿದ್ದರೆ ನೀರು ನಿಲ್ಲದೆ ಸಂದುಗಳಲ್ಲಿ ಇಳಿದುಹೋಗುತ್ತದೆ. ಕಾಲಕ್ರಮದಲ್ಲಿ ಕುರುಚಲು, ಜರೀಗಿಡ ಬರುತ್ತವೆ. ಹಳೆಯ ಕಾಡು ಬರುವುದಿಲ್ಲ, ಯಾಕೆಂದರೆ ಅದನ್ನು ಹೊತ್ತಿದ್ದ ಮಣ್ಣೇ ಇಲ್ಲ.

ಅಗೆದದ್ದನ್ನು ಕೆಳಗೆ ತಂದು ಪುಡಿ ಮಾಡಿ ಒಣಗಿಸುತ್ತಾರೆ. ಆ ಧೂಳು ಹತ್ತಿರದ ಮನೆಗಳ ಛಾವಣಿ ಮೇಲೆ ಕೂರುತ್ತಿತ್ತು. ನೌರುವಿನಲ್ಲಿ ನದಿಯಿಲ್ಲ, ಛಾವಣಿ ಮೇಲೆ ಬಿದ್ದ ಮಳೆನೀರು ತೊಟ್ಟಿಗೆ ಇಳಿದು ಅದೇ ಕುಡಿಯುವ ನೀರಾಗುತ್ತದೆ. ನೌರುವಿನ ಫಾಸ್ಫೇಟಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಹೆಚ್ಚು. ಧೂಳು ಛಾವಣಿಗೆ, ಛಾವಣಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಹೊಟ್ಟೆಗೆ. ಈಗ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿವೆ, ಆದರೆ ಅವು ಓಡುವುದು ಬಹುಪಾಲು ಹೊರಗಿನಿಂದ ತರುವ ಡೀಸೆಲ್ ವಿದ್ಯುತ್ತಿನ ಮೇಲೆ. ಹಡಗು ತಡವಾದರೆ ಡೀಸೆಲ್ ಇಲ್ಲ, ಡೀಸೆಲ್ ಇಲ್ಲದಿದ್ದರೆ ನೀರಿಲ್ಲ.

ಹಡಗುಗಳ ಕಥೆಯೇ ಬೇರೆ. ದ್ವೀಪದ ಸುತ್ತ ಹವಳದ ದಿಬ್ಬ, ಅದನ್ನು ದಾಟಿದರೆ ಸಮುದ್ರ ಧಿಡೀರನೆ ಆಳ. ಸಹಜ ಬಂದರು ಎಲ್ಲೂ ಇಲ್ಲ. ಆದ್ದರಿಂದ ಆಳದ ತಳಕ್ಕೆ ಲಂಗರು ಹಾಕಿದ ಭಾರಿ ತೇಲುಬುರುಡೆಗಳಿಗೆ ಹಡಗನ್ನು ಕಟ್ಟಿ, ದಡದಿಂದ ಹವಳದ ದಿಬ್ಬದಾಚೆಗೆ ಚಾಚಿದ ಉಕ್ಕಿನ ತೋಳುಗಳ ಮೂಲಕ ಬೆಲ್ಟಿನಲ್ಲಿ ಫಾಸ್ಫೇಟ್ ಸುರಿಯುವ ವ್ಯವಸ್ಥೆ 1930ರಲ್ಲಿ ಬಂತು. ಎರಡನೆಯ ತೋಳು 1961ರದು. ನವೆಂಬರಿನಿಂದ ಫೆಬ್ರವರಿವರೆಗೆ ಪಶ್ಚಿಮದ ಗಾಳಿ ಬೀಸಿದರೆ ಎಲ್ಲ ನಿಲ್ಲುತ್ತದೆ. ಹಡಗು ಕಟ್ಟಿದರೆ ದಿಬ್ಬಕ್ಕೆ ಬಡಿಯುತ್ತದೆ, ಹಾಗಾಗಿ ದೂರದಲ್ಲಿ ತೇಲುತ್ತ ಕಾಯಬೇಕು.

ಈಗ ಹಾಂಬಾಖ್‌ಗೆ ಬನ್ನಿ. 1978ರಲ್ಲಿ ಅಗೆಯಲು ಶುರುಮಾಡಿದರು, ಕಲ್ಲಿದ್ದಲು ಸಿಕ್ಕಿದ್ದು 1984ರಲ್ಲಿ. ಅಲ್ಲಿಯವರೆಗೆ ಬರೀ ಮಣ್ಣು ತೆಗೆದದ್ದು. ಗುಂಡಿಯ ಆಳ ಸುಮಾರು 400 ಮೀಟರ್. ತೆಗೆದ ಮಣ್ಣನ್ನು ಪಕ್ಕದಲ್ಲಿ ಒಟ್ಟಿದ್ದು ಈಗ ಝೋಫಿಯನ್‌ಹೋಹ ಎಂಬ ಬೆಟ್ಟ: ಸುತ್ತಲ ಬಯಲಿಗಿಂತ ಇನ್ನೂರು ಮೀಟರ್ ಎತ್ತರ, ಹದಿಮೂರು ಚದರ ಕಿಲೋಮೀಟರ್ ಹರವು, ಮೇಲೆ ಕಾಡು, ನಡೆದಾಡಲು ದಾರಿ. ನೌರುವಿನ ಅರ್ಧಕ್ಕಿಂತ ದೊಡ್ಡದಾದ ಬೆಟ್ಟವನ್ನು ಅವರು ಬರೀ ಕಸವಾಗಿ ಸುರಿದ ಮಣ್ಣಿನಿಂದ ಮಾಡಿದ್ದಾರೆ. ಅಗೆಯುವ ಯಂತ್ರದ ಅಳತೆಯೂ ಅಷ್ಟೇ. ಈ ಗಣಿಗೆಂದು ಕಟ್ಟಿದ ಬ್ಯಾಗರ್ 288 ಎಂಬ ಯಂತ್ರ 13,500 ಟನ್ ತೂಗುತ್ತದೆ, ಇಪ್ಪತ್ತು ಮೀಟರಿಗೂ ಮಿಕ್ಕ ವ್ಯಾಸದ ಚಕ್ರಕ್ಕೆ ಬಕೆಟ್ಟುಗಳನ್ನು ಜೋಡಿಸಿಕೊಂಡು ದಿನಕ್ಕೆ 2,40,000 ಘನ ಮೀಟರ್ ಮಣ್ಣು ಎತ್ತಬಲ್ಲದು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಜರ್ಮನಿಯ ಗಣಿ ಕಾನೂನು ಎರಡು ವಿಷಯದಲ್ಲಿ ಕಟ್ಟುನಿಟ್ಟು. ಒಂದು, ನೆಲದಡಿಯ ಕಲ್ಲಿದ್ದಲು ನೆಲದ ಒಡೆಯನ ಸ್ವತ್ತಲ್ಲ. ಬೇಕಾದರೆ ಜಮೀನನ್ನು ಕಡ್ಡಾಯವಾಗಿ ವಶಪಡಿಸಿಕೊಳ್ಳಬಹುದು. ಎರಡು, ಅಗೆದವನು ನೆಲವನ್ನು ಮತ್ತೆ ಬಳಸುವ ಸ್ಥಿತಿಗೆ ತಂದುಕೊಡಬೇಕು. ಈ ಎರಡನೆಯದರ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ರೈನ್ ಬಯಲಿನ ಮೇಲ್ಮಣ್ಣು ಹಿಮಯುಗದಲ್ಲಿ ಗಾಳಿ ತಂದು ಹಾಸಿದ ನಯವಾದ ಹಳದಿ ಮಣ್ಣು. ಜರ್ಮನಿಯ ಅತಿ ಫಲವತ್ತಾದ ನೆಲಗಳಲ್ಲಿ ಅದೂ ಒಂದು. ಅಗೆಯುವಾಗಲೇ ಅದನ್ನು ಬೇರೆಯಾಗಿ ತೆಗೆದು, ಗುಂಡಿಯ ಹಿಂಬದಿಯಲ್ಲಿ ತುಂಬಿಬಂದ ನೆಲದ ಮೇಲೆ ಎರಡು ಮೀಟರ್ ದಪ್ಪ ಹಾಸುತ್ತಾರೆ. ಹಾಸಿದ ಕೂಡಲೇ ರೈತನಿಗೆ ಕೊಡುವುದಿಲ್ಲ. ಏಳು ವರ್ಷ ಕಂಪನಿಯೇ ಬೇಸಾಯ ಮಾಡಬೇಕು. ಮೊದಲ ಮೂರು ವರ್ಷ ಕುದುರೆಮೆಂತೆ, ಅಂದರೆ ಲೂಸರ್ನ್: ಅದರ ಬೇರು ಆಳಕ್ಕಿಳಿದು ಮಣ್ಣನ್ನು ಸಡಿಲಿಸುತ್ತದೆ, ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ, ಎರೆಹುಳು ಬರುವಂತೆ ಮಾಡುತ್ತದೆ. ಆಮೇಲೆ ಧಾನ್ಯ. ಕೆಡುವುದು ಎಲ್ಲಿ ಎಂದರೆ, ಒದ್ದೆ ಮಣ್ಣಿನ ಮೇಲೆ ಭಾರದ ಯಂತ್ರ ಓಡಿಸಿದಾಗ. ಕಾಳುಗಳ ನಡುವಿನ ಸಂದು ಮುಚ್ಚಿಹೋಗಿ ನೆಲ ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ, ಹೊಲದಲ್ಲಿ ಹೊಂಡ ನಿಲ್ಲುತ್ತದೆ. ಹಾಗೆ ಕೆಟ್ಟ ನೆಲ ಸರಿಹೋಗಲು ವರ್ಷಗಟ್ಟಲೆ ಬೇಕು. ಕಾಡು ಬೆಳೆಸುವ ಕಡೆ ಇದೇ ಕಾರಣಕ್ಕೆ ಮಣ್ಣು-ಜಲ್ಲಿ ಬೆರೆಸಿ ಸುರಿದ ಮೇಲೆ ಹೆಚ್ಚು ಮಟ್ಟ ಮಾಡಲು ಹೋಗುವುದಿಲ್ಲ, ಗುಪ್ಪೆಗುಪ್ಪೆಯಾಗಿ ಬಿಟ್ಟು ಸಸಿ ನೆಡುತ್ತಾರೆ.

ಇಷ್ಟು ಮಾಡಿದರೂ ಲೆಕ್ಕ ಸರಿಹೊಂದುವುದಿಲ್ಲ. ಸುಟ್ಟ ಕಲ್ಲಿದ್ದಲಿನ ಜಾಗ ಖಾಲಿಯೇ. ಆ ಖಾಲಿಗೆ ನೀರು ತುಂಬಬೇಕು. ಡಾರ್ಮಾಗೆನ್ ಹತ್ತಿರ ರೈನ್ ನದಿಯಿಂದ 45 ಕಿಲೋಮೀಟರ್ ಕೊಳವೆ ಹಾಕಿ, 2030ರಿಂದ ನೀರು ಬಿಟ್ಟು, ನಲವತ್ತು ವರ್ಷದಲ್ಲಿ ಕೆರೆ ತುಂಬಿಸುವ ಯೋಜನೆ ಇದೆ. ತುಂಬಿದ ಮೇಲೆ ಅದು ಮುನ್ನೂರು ಮೀಟರಿಗೂ ಹೆಚ್ಚು ಆಳದ ಕೆರೆ. ಅಂತರ್ಜಲ ತಾನಾಗಿ ಬಂದು ತುಂಬಲಿ ಎಂದು ಬಿಡಬಾರದೇಕೆ? ಗುಂಡಿಯ ಇಳಿಜಾರುಗಳು ಸಡಿಲ ಮರಳು-ಮಣ್ಣಿನವು. ಸುತ್ತಲ ಅಂತರ್ಜಲ ಒಳಮುಖವಾಗಿ ಒತ್ತಿದರೆ ದಡ ಕುಸಿಯುತ್ತದೆ. ಕೆರೆಯ ಮಟ್ಟ ಸದಾ ಅಂತರ್ಜಲಕ್ಕಿಂತ ಮೇಲಿದ್ದು ನೀರು ದಡದ ಕಡೆಗೆ ಒತ್ತುತ್ತಿರಬೇಕು. ಅದಕ್ಕೆ ಬೇಗ ತುಂಬಿಸಬೇಕು, ತುಂಬುವವರೆಗೂ ಸುತ್ತ ಪಂಪು ಓಡುತ್ತಲೇ ಇರಬೇಕು. ಬೇಸಿಗೆಯಲ್ಲಿ ರೈನ್ ಬತ್ತಿದರೆ? ಆಗ ಎತ್ತುವ ನೀರನ್ನು ಕಡಿಮೆ ಮಾಡಬೇಕು, ಅಷ್ಟರಮಟ್ಟಿಗೆ ಲೆಕ್ಕ ತಪ್ಪುತ್ತದೆ.

ಈ ಭಯ ಕಾಗದದ ಮೇಲಿನದಲ್ಲ. ಪೂರ್ವ ಜರ್ಮನಿಯ ನಾಖ್ಟರ್‌ಸ್ಟೆಟ್‌ನಲ್ಲಿ ಹಳೆಯ ಗಣಿಯನ್ನು ಕೆರೆ ಮಾಡುತ್ತಿದ್ದಾಗ 2009ರ ಜುಲೈ 18ರ ಬೆಳಗಿನ ಜಾವ ದಡ ಜಾರಿ ಮನೆಗಳು ನೀರು ಪಾಲಾದವು, ಮೂವರು ಸತ್ತರು. ಲೌಸಿಟ್ಸ್ ಪ್ರದೇಶದಲ್ಲಿ ಇನ್ನೊಂದು ಪೀಡೆ: ಅಗೆದು ಗಾಳಿಗೊಡ್ಡಿದ ಮಣ್ಣಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದೆ, ಅದು ಆಮ್ಲಜನಕ ತಗುಲಿ ಗಂಧಕಾಮ್ಲವಾಗುತ್ತದೆ. ಕೆರೆಯ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ (ಏಳಕ್ಕಿಂತ ಕಡಿಮೆಯಾದರೆ ಆಮ್ಲ), ಮೂರರ ಆಸುಪಾಸು, ಹೆಚ್ಚುಕಮ್ಮಿ ವಿನೆಗರ್. ಮೀನಿಲ್ಲ. ಹಡಗಿನಲ್ಲಿ ಸುಣ್ಣ ತಂದು ಕಲಸಿ ಚೆಲ್ಲುತ್ತಾರೆ. ಸುತ್ತಲ ಮಣ್ಣಿನಿಂದ ಆಮ್ಲ ಮತ್ತೆ ಇಳಿದು ಬರುವುದರಿಂದ ಕೆಲವು ಕೆರೆಗಳಿಗೆ ಮತ್ತೆ ಮತ್ತೆ ಚೆಲ್ಲಬೇಕು. ಕಬ್ಬಿಣ ಕರಗಿ ಸ್ಪ್ರೀ ನದಿಯ ಉಪನದಿಗಳು ಕಂದು ಬಣ್ಣಕ್ಕೆ ತಿರುಗಿವೆ, ಸಲ್ಫೇಟ್ ಬರ್ಲಿನ್ನಿನ ಕುಡಿಯುವ ನೀರಿನವರೆಗೂ ತಲೆನೋವಾಗಿದೆ. 1990ರ ನಂತರ ಪೂರ್ವದ ಈ ಹಳೆಯ ಗಣಿಗಳ ರಿಪೇರಿಗೆ ಕೇಂದ್ರವೂ ರಾಜ್ಯಗಳೂ ಸೇರಿ ಸುರಿದ ಹಣ ಹತ್ತು ಬಿಲಿಯನ್ ಯೂರೋ ದಾಟಿದೆ. ಐದೈದು ವರ್ಷಕ್ಕೊಂದು ಒಪ್ಪಂದ, ಯಾವ ಪಕ್ಷದ ಸರ್ಕಾರ ಬಂದರೂ ಅದು ಮುಂದುವರಿಯುತ್ತದೆ.

ಜರ್ಮನಿ ತಪ್ಪೇ ಮಾಡಲಿಲ್ಲ ಎನ್ನುವವರನ್ನು ನಂಬಬೇಡಿ. ಅವರು ಮಾಡಿದ್ದು ದೊಡ್ಡ ದೊಡ್ಡ ತಪ್ಪುಗಳೇ. ಆದರೆ ಪ್ರತಿ ತಪ್ಪಿಗೂ ಅವರಿಗೆ ದೇಶದೊಳಗೇ ಒಂದು 'ಬೇರೆ ಕಡೆ' ಸಿಗುತ್ತದೆ. ಗುಂಡಿಗೆ ಬೇರೆ ಕಡೆಯ ನದಿಯ ನೀರು, ರಿಪೇರಿಗೆ ಬೇರೆ ರಾಜ್ಯಗಳ ತೆರಿಗೆ, ಊರು ಮುಳುಗಿದರೆ ಬೇರೆ ಊರು. ನೌರುವಿಗೆ ಇಲ್ಲದ್ದು ಇದೇ. ಅದರ 'ಬೇರೆ ಕಡೆ'ಗಳೆಲ್ಲ ಇನ್ನೊಬ್ಬರ ದೇಶ.

ಊರು ಬಿಡಿಸುವ ವಿಚಾರವನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ನಂತರ ರೈನ್ ಪ್ರದೇಶದ ಕಲ್ಲಿದ್ದಲು ಗಣಿಗಳಿಗಾಗಿ ಊರು ಬಿಟ್ಟವರು ನಲವತ್ತು ಸಾವಿರಕ್ಕೂ ಹೆಚ್ಚು, ಅಂದರೆ ನೌರುವಿನ ಮೂರೂವರೆ ಪಟ್ಟು ಜನ. ಅದಕ್ಕೊಂದು ಪದ್ಧತಿಯೇ ಇದೆ: ಕೆಲವು ಕಿಲೋಮೀಟರ್ ಆಚೆ ಹೊಸ ನಿವೇಶನ, ಹಳೆಯ ಹೆಸರಿಗೆ 'ಹೊಸ' ಸೇರಿಸಿದ ಹೆಸರು, ಅಕ್ಕಪಕ್ಕದವರು ಒಟ್ಟಿಗೇ ಹೋಗುವ ಏರ್ಪಾಡು, ಸ್ಮಶಾನದ ಗೋರಿಗಳ ಸ್ಥಳಾಂತರ. ಇಮ್ಮೆರಾತ್ ಎಂಬ ಊರಿನ ಎರಡು ಗೋಪುರದ ಚರ್ಚನ್ನು 2018ರ ಜನವರಿಯಲ್ಲಿ ಕೆಡವಿದಾಗ ದೇಶವೇ ನೋಡಿತು. ನೋವು ಸುಳ್ಳಲ್ಲ. ಹಾಂಬಾಖ್ ಪಕ್ಕದ ಮೋರ್ಷೆನಿಖ್ ಊರಿನವರ ಪಾಡಂತೂ ವಿಚಿತ್ರ: ಬಹುತೇಕ ಎಲ್ಲರೂ ಹೊಸ ಊರಿಗೆ ಹೋದ ಮೇಲೆ ಕಲ್ಲಿದ್ದಲಿಗೆ ವಿದಾಯ ಹೇಳುವ ತೀರ್ಮಾನವಾಗಿ ಹಳೆಯ ಊರು ಉಳಿದುಕೊಂಡಿತು. ಆದರೂ ಊರು ಬಿಟ್ಟವನು ಜರ್ಮನಿಯಲ್ಲೇ ಇದ್ದಾನೆ. ಅವನ ಭಾಷೆ, ವೋಟು, ಪಿಂಚಣಿ, ಮಕ್ಕಳ ಶಾಲೆ ಯಾವುದೂ ಬದಲಾಗಲಿಲ್ಲ.

ನೌರುವಿನವರಿಗೂ ಇಂಥ ಪ್ರಸ್ತಾಪ ಬಂದಿತ್ತು. 1960ರ ದಶಕದ ಮೊದಲಲ್ಲಿ, ಅಗೆದು ಮುಗಿದ ಮೇಲೆ ದ್ವೀಪ ವಾಸಕ್ಕೆ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದ ಆಸ್ಟ್ರೇಲಿಯಾ, ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಕರ್ಟಿಸ್ ದ್ವೀಪಕ್ಕೆ ಇಡೀ ಜನಾಂಗವನ್ನೇ ಸಾಗಿಸುವ ಯೋಜನೆ ಮುಂದಿಟ್ಟಿತು. ಜಾಗ ನೌರುವಿಗಿಂತ ಎಷ್ಟೋ ದೊಡ್ಡದು. ಹ್ಯಾಮರ್ ಡಿರಾಬರ್ಟ್ ನೇತೃತ್ವದ ಮುಖಂಡರು ಕೇಳಿದ್ದು ಒಂದೇ: ಅಲ್ಲಿ ನಾವು ನಮ್ಮ ದೇಶವಾಗಿ ಇರಬಹುದೇ? ಆಸ್ಟ್ರೇಲಿಯಾ ಆಗದೆಂದಿತು, ಅವರು ಬೇಡವೆಂದರು. ಒಮ್ಮೆ ಬಲವಂತವಾಗಿ ಹೊರಟ ಅನುಭವ ಅವರಿಗಿತ್ತು. 1942ರಲ್ಲಿ ದ್ವೀಪ ಹಿಡಿದ ಜಪಾನಿನ ಸೇನೆ 1,200 ಜನರನ್ನು ಟ್ರುಕ್ ದ್ವೀಪಗಳಿಗೆ ಕೂಲಿಗೆ ಸಾಗಿಸಿತ್ತು. 1946ರ ಜನವರಿ 31ರಂದು ಮರಳಿ ದಡ ಮುಟ್ಟಿದವರು 737. ಇಪ್ಪತ್ತೆರಡು ವರ್ಷದ ಮೇಲೆ ಸ್ವಾತಂತ್ರ್ಯಕ್ಕೂ ಅವರು ಅದೇ ಜನವರಿ 31ನ್ನು ಆರಿಸಿಕೊಂಡರು.

1970ರಲ್ಲಿ ಫಾಸ್ಫೇಟ್ ಉದ್ಯಮವನ್ನು 2.1 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕೊಂಡುಕೊಂಡ ಮೇಲೆ ನೌರುವಿಗೆ ಹಣ ಹರಿದುಬಂತು. ಇಲ್ಲಿಂದ ಮುಂದಿನ ಭಾಗವನ್ನು ಬಹಳ ಜನ ಗೇಲಿಯಾಗಿ ಹೇಳುತ್ತಾರೆ: ಮೆಲ್ಬರ್ನಿನಲ್ಲಿ 52 ಮಹಡಿಯ ಕಟ್ಟಡ, ಸ್ವಂತ ವಿಮಾನ ಸಂಸ್ಥೆ, ಲಂಡನ್ನಿನಲ್ಲಿ ಹಣ ಹೂಡಿ ಮುಳುಗಿದ ಸಂಗೀತ ನಾಟಕ. ಕಟ್ಟಡ 2004ರಲ್ಲಿ ಕೈಬಿಟ್ಟಿತು, 2005ರ ಕೊನೆಗೆ ಉಳಿದಿದ್ದ ಒಂದೇ ವಿಮಾನವನ್ನೂ ಸಾಲಗಾರರು ಜಪ್ತಿ ಮಾಡಿದರು. ಹಣ ಪೋಲಾದದ್ದು ನಿಜ, ಅದರಲ್ಲಿ ಮೋಸವೂ ಇತ್ತು. ಆದರೆ ಗೇಲಿ ಮಾಡುವವರು ಒಂದನ್ನು ಮರೆಯುತ್ತಾರೆ: 21 ಚದರ ಕಿಲೋಮೀಟರಿನ ದೇಶ ತನ್ನ ಉಳಿತಾಯವನ್ನು ಒಳಗೆ ಹೂಡಲಾರದು. ಹೂಡಿಕೆಯೂ ಬೇರೆ ಕಡೆಯೇ ಆಗಬೇಕು, ಬೇರೆಯವರ ಸಲಹೆ ಮೇಲೆಯೇ ಆಗಬೇಕು.

ಮೇಲ್ವಿಚಾರಣೆ ಮಾಡಬೇಕಿದ್ದ ಸಂಸತ್ತೂ ಚಿಕ್ಕದು. ಆಗ 18 ಸದಸ್ಯರು. ಅಧ್ಯಕ್ಷ, ಮಂತ್ರಿಗಳು ಅವರಲ್ಲೇ ಆಗಬೇಕು. ಒಟ್ಟು ಸದಸ್ಯರ ಅರ್ಧದಷ್ಟು ಜನ ಅವಿಶ್ವಾಸಕ್ಕೆ ಕೈಯೆತ್ತಿದರೆ ಸರ್ಕಾರ ಬೀಳುತ್ತದೆ. ಒಬ್ಬಿಬ್ಬರು ಮುನಿಸಿಕೊಂಡರೆ ಸಾಕು. 2003ರಲ್ಲಿ ಒಂದೇ ವರ್ಷದಲ್ಲಿ ಹಲವು ಬಾರಿ ಅಧ್ಯಕ್ಷರು ಬದಲಾದರು. 2010ರಲ್ಲಿ ಎರಡು ಸಲ ಚುನಾವಣೆ ನಡೆದರೂ ಒಂಬತ್ತು-ಒಂಬತ್ತರ ಬಿಕ್ಕಟ್ಟು ತಿಂಗಳುಗಟ್ಟಲೆ ಬಿಡಲಿಲ್ಲ. ಆಮೇಲೆ 2013ರಲ್ಲಿ ಸ್ಥಾನಗಳನ್ನು 19 ಮಾಡಿದರು, ಸಮ ಸಂಖ್ಯೆ ತಪ್ಪಿತು. ಜರ್ಮನಿಯಲ್ಲಿ ಚಾನ್ಸಲರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಮುಂದಿನವರನ್ನೂ ಆರಿಸಬೇಕು. ಆ ದಾರಿಯಲ್ಲಿ ಸರ್ಕಾರ ಬದಲಾದದ್ದು ಒಮ್ಮೆ ಮಾತ್ರ, 1982ರಲ್ಲಿ, ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದಾಗ. ನಲವತ್ತು ವರ್ಷದ ಕೆರೆ ಕೆಲಸಕ್ಕೆ ಅಂಥ ನಿಧಾನವೇ ಬೇಕು. ನೌರುವಿನ ನಿಯಮ ಯಾರೋ ಕೆಟ್ಟ ಬುದ್ಧಿಯಿಂದ ಬರೆದದ್ದಲ್ಲ. ಬೇರೆಡೆ ನಡೆಯುವ ವೆಸ್ಟ್‌ಮಿನ್‌ಸ್ಟರ್ ಪದ್ಧತಿ, ಅಂದರೆ ಬ್ರಿಟನ್ನಿನ ಸಂಸತ್ತಿನ ಮಾದರಿ, ಹದಿನೆಂಟು ಜನರ ಕೋಣೆಯಲ್ಲಿ ನಡೆಯಲಿಲ್ಲ, ಅಷ್ಟೇ.

ಸ್ವಾತಂತ್ರ್ಯಕ್ಕೆ ಮೊದಲು ಅಗೆದ ನೆಲದ ರಿಪೇರಿ ಯಾರ ಹೊಣೆ ಎಂಬ ಪ್ರಶ್ನೆಯನ್ನು ನೌರು 1989ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. ಆಸ್ಟ್ರೇಲಿಯಾದ ಮುಖ್ಯ ಆಕ್ಷೇಪಣೆಗಳನ್ನು ನ್ಯಾಯಾಲಯ 1992ರಲ್ಲಿ ತಳ್ಳಿಹಾಕಿತು, ಮರುವರ್ಷ ಆಸ್ಟ್ರೇಲಿಯಾ 10.7 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿ ಮಾಡಿಕೊಂಡಿತು. ಅದರಲ್ಲಿ ಐದು ಕೋಟಿ ಇಪ್ಪತ್ತು ವರ್ಷದ ಕಂತುಗಳಲ್ಲಿ. ಜರ್ಮನಿಯ ಹತ್ತು ಬಿಲಿಯನ್ ಪಕ್ಕದಲ್ಲಿ ಇದು ಎಷ್ಟು ಎಂದು ಹೇಳಬೇಕಾಗಿಲ್ಲ.

ದೊಡ್ಡದು-ಚಿಕ್ಕದು ತಿರುವುಮುರುವಾಗುವ ಒಂದು ಜಾಗ ಸಮುದ್ರ. ಜರ್ಮನಿಗೆ ಸೇರಿದ ಸಮುದ್ರ ಐವತ್ತೇಳು ಸಾವಿರ ಚದರ ಕಿಲೋಮೀಟರ್ ಆಸುಪಾಸು. ಸುತ್ತ ತಡೆಯುವವರು ಕಡಿಮೆ ಇರುವ ನೌರುವಿನದು ಮೂರು ಲಕ್ಷಕ್ಕೂ ಹೆಚ್ಚು, ಜರ್ಮನಿಯ ನೆಲಕ್ಕೆ ಹತ್ತಿರ. ಅಲ್ಲಿ ಟ್ಯೂನಾ ಮೀನು ಹಿಡಿಯಲು ವಿದೇಶಿ ಹಡಗುಗಳು ಬರುತ್ತವೆ. 1982ರಲ್ಲಿ ನೌರುವಿನಲ್ಲೇ ಸಹಿಯಾದ ಒಪ್ಪಂದದ ಮೂಲಕ ಒಗ್ಗೂಡಿದ ದ್ವೀಪ ದೇಶಗಳು ಮೀನಿನ ತೂಕದ ಬದಲು ಹಡಗಿನ ದಿನಗಳನ್ನು ಮಾರುತ್ತವೆ. ಬಲೆ ಹಡಗಿಗೆ ದಿನಕ್ಕೆ ಕನಿಷ್ಠ 8,000 ಅಮೆರಿಕನ್ ಡಾಲರ್, ಒಟ್ಟು ದಿನಗಳಿಗೆ ಮಿತಿ. ಹಿಡಿದ ಮೀನಿನ ಲೆಕ್ಕದಲ್ಲಿ ಸುಳ್ಳು ಹೇಳಬಹುದು. ಹಡಗು ಎಲ್ಲಿತ್ತು ಎನ್ನುವುದನ್ನು ಉಪಗ್ರಹ ನೋಡುತ್ತಿರುತ್ತದೆ. ಚಿಕ್ಕ ದೇಶಗಳು ಒಟ್ಟಾಗಿ ಕಟ್ಟಿದ ಇಷ್ಟು ಜಾಣ ವ್ಯವಸ್ಥೆ ಬೇರೆ ಹೆಚ್ಚಿಲ್ಲ.

ಆಳ ಸಮುದ್ರದ ಗಣಿಗಾರಿಕೆಯಲ್ಲಿ ಎರಡು ದೇಶಗಳೂ ಎದುರುಬದುರಾಗಿವೆ. ತನ್ನ ಹೆಸರಿನಲ್ಲಿ ಕಂಪನಿಯೊಂದು ಸಾಗರತಳ ಅಗೆದು ಹಾನಿಯಾದರೆ ತಾನೆಷ್ಟು ಹೊಣೆ ಎಂದು ನೌರು ಎತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಸಮುದ್ರ ಕಾನೂನಿನ ನ್ಯಾಯಮಂಡಳಿಯಲ್ಲಿ, 2011ರ ಫೆಬ್ರವರಿ 1ರಂದು: ಎಚ್ಚರಿಕೆ ವಹಿಸುವ ಹೊಣೆ ಬಡ ದೇಶಕ್ಕೂ ಶ್ರೀಮಂತ ದೇಶಕ್ಕೂ ಒಂದೇ. 2021ರಲ್ಲಿ ನೌರು, ಸಮುದ್ರ ಕಾನೂನಿನಲ್ಲಿರುವ, ಎರಡು ವರ್ಷದೊಳಗೆ ಗಣಿ ನಿಯಮ ಮುಗಿಸಿ ಎಂಬ ಕಲಮು ಎತ್ತಿ ಎಲ್ಲರನ್ನೂ ಅವಸರಕ್ಕೆ ದೂಡಿತು. 2022ರ ನವೆಂಬರಿನಲ್ಲಿ ಜರ್ಮನಿ ಸದ್ಯಕ್ಕೆ ಬೇಡ, ತಡೆಯಿರಿ ಎಂದಿತು. ಜರ್ಮನಿಯ ಕೈಯಲ್ಲೂ ಅದೇ ಪೆಸಿಫಿಕ್ಕಿನಲ್ಲಿ 75,000 ಚದರ ಕಿಲೋಮೀಟರಿನ ಅನ್ವೇಷಣಾ ಹಕ್ಕು 2006ರಿಂದ ಇದೆ ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಕಾಯಬಲ್ಲವರು ಕಾಯಿರಿ ಎನ್ನುತ್ತಾರೆ.

ಈಗ ಟಾಪ್‌ಸೈಡ್‌ಗೆ ಮರಳೋಣ. ಸಮುದ್ರ ಏರುತ್ತಿರುವುದರಿಂದ ಕರಾವಳಿ ಪಟ್ಟಿಯ ಜನರಲ್ಲಿ ಬಹುಪಾಲು ಮಂದಿಯನ್ನು ಅಗೆದುಬಿಟ್ಟ ಅದೇ ಪ್ರಸ್ಥಭೂಮಿಗೆ ಹತ್ತಿಸುವ ಯೋಜನೆ ನೌರು ಸರ್ಕಾರದ್ದು. ಹಣಕ್ಕಾಗಿ 2025ರಲ್ಲಿ ಪೌರತ್ವ ಮಾರಾಟ ಶುರುಮಾಡಿತು, ಆಗಿನ ದರ ಒಬ್ಬರಿಗೆ ಕನಿಷ್ಠ 1,05,000 ಅಮೆರಿಕನ್ ಡಾಲರ್. ಕೆಲಸದ ಕ್ರಮ ಹೀಗೆ: ಅಗೆಯುವ ಯಂತ್ರ, ಹೈಡ್ರಾಲಿಕ್ ಸುತ್ತಿಗೆಗಳಿಂದ ಕಂಬಗಳನ್ನು ಒಡೆಯುವುದು, ಬಿರುಕುಗಳಲ್ಲಿ ಉಳಿದ ಫಾಸ್ಫೇಟ್ ತೆಗೆಯುವುದು, ಒಡೆದ ಕಲ್ಲನ್ನು ಜಲ್ಲಿ ಮಾಡಿ ತಗ್ಗು ತುಂಬಿ ಮಟ್ಟ ಮಾಡುವುದು. ಮನೆ, ರಸ್ತೆಗಳಿಗೆ ಇಷ್ಟು ಸಾಕು. ಜಮೀನು ಒಬ್ಬೊಬ್ಬರದಲ್ಲ, ಒಂದು ತುಂಡಿಗೆ ಹತ್ತಾರು ವಾರಸುದಾರರು. ಸಹಿ ಹಾಕಿಸುವುದೇ ಒಂದು ಕೆಲಸ.

ಬೆಳೆಗೆ ಮಾತ್ರ ಮಣ್ಣು ಬೇಕು. ಲೆಕ್ಕಕ್ಕೆ 1,500 ಹೆಕ್ಟೇರ್ ಹಿಡಿಯೋಣ, ಅದರ ಮೇಲೆ ಬರೀ ಮೂವತ್ತು ಸೆಂಟಿಮೀಟರ್ ಹಾಸೋಣ. ರೈನ್ ಬಯಲಿನ ಎರಡು ಮೀಟರಿನ ಏಳನೇ ಒಂದು ಪಾಲಿನಷ್ಟು ಸಿಗಲಿ ಸಾಕು. ಹೆಕ್ಟೇರಿಗೆ 3,000 ಘನ ಮೀಟರಿನಂತೆ ಒಟ್ಟು 45 ಲಕ್ಷ ಘನ ಮೀಟರ್. ಬ್ಯಾಗರ್ 288ಕ್ಕೆ ಇದು ಹತ್ತೊಂಬತ್ತು ದಿನದ ಕೆಲಸ. ಆದರೆ ಎತ್ತಲು ನೌರುವಿನಲ್ಲಿ ಮಣ್ಣಿಲ್ಲ. ಹೊರಗಿನಿಂದ ತರೋಣವೆಂದರೆ ಬಂದರಿನ ಕಥೆ ಆಗಲೇ ಹೇಳಿದೆ, ಜತೆಗೆ ಮಣ್ಣಿನೊಂದಿಗೆ ಕೀಟ, ಕಳೆ, ರೋಗ ಬರುತ್ತವೆ. ಹಾಗಾಗಿ ಉಳಿದಿರುವುದು ಅಲ್ಲೇ ಮಣ್ಣು ಮಾಡುವ ದಾರಿ: ಅಡುಗೆ ತ್ಯಾಜ್ಯ, ತೆಂಗಿನ ಗರಿ, ಹಂದಿ ಗೊಬ್ಬರ ಕೊಳೆಸಿ ಜಲ್ಲಿಪುಡಿಯೊಂದಿಗೆ ಬೆರೆಸುವುದು. ಸುಣ್ಣದಕಲ್ಲಿನ ಮಣ್ಣಿನ ಪಿಎಚ್ ಎಂಟನ್ನು ದಾಟುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸತು ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ. ಎಲ್ಲಕ್ಕಿಂತ ಕೊರತೆ ಪೊಟ್ಯಾಷಿಯಂನದು. ಫಾಸ್ಫೇಟ್ ಮಾರಿ ಬದುಕಿದ ದ್ವೀಪ ಈಗ ಪೊಟ್ಯಾಷ್ ಕೊಳ್ಳಬೇಕು, ಅದನ್ನು ಅಗೆದು ಮಾರುವ ದೇಶಗಳಲ್ಲಿ ಜರ್ಮನಿಯೂ ಒಂದು. ಮೊದಲು ತರಕಾರಿಗೆ ಕೈಹಾಕದೆ, ಸುಣ್ಣಕ್ಕೂ ಉಪ್ಪುಗಾಳಿಗೂ ಜಗ್ಗದ ಸುರಹೊನ್ನೆ, ಕೇದಗೆ ಹಾಕಿ ಅವುಗಳ ತರಗೆಲೆ ಬೀಳಲು ಬಿಟ್ಟು, ಗೊಬ್ಬರದ ಗುಂಡಿಗಳನ್ನು ಮನೆಗಳ ಹತ್ತಿರವೇ ಇಟ್ಟುಕೊಂಡರೆ ಖರ್ಚು ಕಡಿಮೆ, ಗಿಡ ಉಳಿಯುವುದೂ ಹೆಚ್ಚು.